ಬೆರಳು ಇನ್ನೊಮ್ಮೆ ಇಡಿ

ಆರು ಇಪ್ಪತ್ತಕ್ಕೆ ಬೆಂಗ್ರೆಯ ಫೆರಿ.
ಆರು ಐವತ್ತಕ್ಕೆ ಮಿಷನ್ನಿನ ಮುಂದೆ ನಾನು.
ಹೆಬ್ಬೆರಳು ಇಟ್ಟೆ. ಕೆಂಪು ದೀಪ.
ಇನ್ನೊಮ್ಮೆ ಇಡಿ, ಅಂತು ಒಳಗಿನ ಹೆಂಗಸು.
ಯಾವ ಊರಿನವಳೋ, ಸಿಟ್ಟೇ ಬರುವುದಿಲ್ಲ ಅವಳಿಗೆ.
ತೋರುಬೆರಳು. ನಡುಬೆರಳು. ಎಡಗೈ.
ಶಾಲಿಗೆ ಒರೆಸಿ, ಮೂಗಿನ ಬದಿಯ ಜಿಡ್ಡು ಸವರಿ
ಮತ್ತೆ ಹೆಬ್ಬೆರಳು.
ಹಿಂದೆ ಸಾಲು: ನರ್ಸಿಂಗ್ ಮಕ್ಕಳು, ಲಿಫ್ಟಿನ ಲೋಕಯ್ಯಣ್ಣ,
ನಿಂತಲ್ಲೇ ನಿದ್ದೆಹೋದ ಒಬ್ಬಳು ಡಾಕ್ಟರು.
"ವಾರಿಜಕ್ಕ, ಬೇಗ ಮಾರಾಯ್ತಿ."

ಏಳು ಗಂಟೆ ಎರಡು ನಿಮಿಷ.
ತಡವಾಗಿ ಬಂದವರ ಪಟ್ಟಿಯಲ್ಲಿ ನಾನು,
ಬಂದು ಹನ್ನೆರಡು ನಿಮಿಷವಾದ ಮೇಲೆ.

ನನ್ನ ಕೆಲಸ ನೆಲಮಾಳಿಗೆಯಲ್ಲಿ.
ಮೇಲೆ ಒಂಬತ್ತು ಮಹಡಿ ಉಂಟಂತೆ, ನಾನು ನೋಡಿದ್ದು ನಾಲ್ಕು.
ಕತ್ತರಿ, ಚಿಮಟ, ಎಲುಬು ಕೆತ್ತುವ ಉಳಿ,
ಕರುಳು ಹಿಡಿಯುವ ಮೆತ್ತನೆ ಹಲ್ಲಿನ ಇಕ್ಕಳ
ಪೆಟ್ಟಿಗೆಯಲ್ಲಿ ಇಳಿಯುತ್ತವೆ, ರಕ್ತ ಒಣಗುವ ಮೊದಲು.
ರೋಗಿಯ ಹೆಸರು ಇಳಿಯುವುದಿಲ್ಲ.
ಓಟಿ ಮೂರು, ಸೆಟ್ ಹದಿನೇಳು, ಇಪ್ಪತ್ತೆಂಟು ತುಂಡು.
ತೊಳೆಯಬೇಕು, ಕೀಲು ಬಿಡಿಸಿ ಉಜ್ಜಬೇಕು,
ಬೆಳಕಿಗೆ ಹಿಡಿದು ನೋಡಬೇಕು, ಎಣಿಸಬೇಕು.
ಒಂದು ಕಡಿಮೆ ಬಂದರೆ ಮೇಲಕ್ಕೆ ಫೋನು:
ಹೊಟ್ಟೆ ಹೊಲಿದಾಯಿತೇ?

ಆಮೇಲೆ ನೂರಮೂವತ್ತನಾಲ್ಕು ಡಿಗ್ರಿಯ ಹಬೆ.
ಕಟ್ಟಿನ ಬಿಳಿ ಟೇಪಿನಲ್ಲಿ ಕಪ್ಪು ಗೆರೆ ಮೂಡಿದರೆ
ಶುದ್ಧ.
ಇಪ್ಪತ್ತೆರಡು ವರ್ಷ ಆ ಗೆರೆ ಮೂಡುವುದನ್ನೇ ಕಾದೆ.
ನನ್ನವು ಯಾವಾಗ ಹೋದವೋ, ಗಮನಿಸಲಿಲ್ಲ.

ಆಫೀಸಿನ ನಿಶಾಲ್ ಡೇಸಾ ಒಳ್ಳೆಯ ಹುಡುಗ.
"ನಾನು ಒಪ್ಪಿದರೇನು ಅಕ್ಕ, ಸಿಸ್ಟಮ್ ಒಪ್ಪಬೇಕಲ್ಲ"
ಎಂದು ನೀರು ಕೊಟ್ಟ.
ಒಂದೂವರೆ ದಿನದ ಸಂಬಳಕ್ಕೆ ಕತ್ತರಿ.
ನಮ್ಮ ಯಾವ ಸೆಟ್ಟಿನಲ್ಲೂ ಇಲ್ಲದ ಕತ್ತರಿ ಅದೊಂದೇ.
ಚರ್ಮದ ಡಾಕ್ಟರು ಕೈ ತಿರುಗಿಸಿ, ಮರುಗಿ,
'ಕೆಲಸದಿಂದ' ಎಂದು ಬರೆಯಲು ಪೆನ್ನು ಎತ್ತಿದರು,
ಗೋಡೆಯ ಹೊಸ ಬೋರ್ಡು ನೋಡಿದರು,
ಮುಲಾಮು ಬರೆದರು.

ಬೋರ್ಡು ಕಳೆದ ವರ್ಷದ್ದು. ಆಸ್ಪತ್ರೆ ಮಾರಿಹೋದಾಗ
ನಮಗೆಲ್ಲ ಒಂದೊಂದು ತುಂಡು ಕೇಕು,
ಕೊರಳಿಗೆ ಹೊಸ ಬಣ್ಣದ ಪಟ್ಟಿ.
'ನಾವೆಲ್ಲ ಒಂದೇ ಕುಟುಂಬ.'
ಮೊದಲು ಮೇಟ್ರನ್ ಸೆರಫಿನ್ ಬಾಯಿ
ಮುಖ ನೋಡಿ ರುಜು ಹಾಕಿಸುತ್ತಿದ್ದರು,
ಜ್ವರ ಕಂಡರೆ ಬೈದು ಮನೆಗೆ ಅಟ್ಟುತ್ತಿದ್ದರು.
ಆ ದಿನದ ಸಂಬಳ ಅವರೂ ಹಿಡಿಯುತ್ತಿದ್ದರು,
ಸುಳ್ಳು ಯಾಕೆ ಹೇಳಲಿ.

ಅಮ್ಮ ದಕ್ಕೆಯಲ್ಲಿ ಸಿಗಡಿ ಸುಲಿದವಳು.
ರೇಷನ್ ಅಂಗಡಿಯಲ್ಲಿ ಅವಳ ಬೆರಳಿಗೂ ಇದೇ ಕೆಂಪು.
ನನಗೆ ಕೆಲಸ ಸಿಕ್ಕ ದಿನ ಮಂಜುಗಡ್ಡೆಯಂಥ ಕೈಯಲ್ಲಿ
ನನ್ನ ಕೈ ಹಿಡಿದು ಹೇಳಿದ್ದಳು:
ಆಸ್ಪತ್ರೆ ಕೆಲಸ, ಪುಣ್ಯವಂತೆ ನೀನು,
ಕೈ ನುಣ್ಣಗೆ ಇರ್ತದೆ.

ಇದ್ದೇ ಉಂಟು, ಅಮ್ಮ.

ಸಂಜೆಯ ಫೆರಿಯಲ್ಲಿ ಪಕ್ಕಕ್ಕೆ ಬಂದು ಕೂತಳು
ಎಂಟು ದಿನದ ಬಾಣಂತಿ, ಗುರುತಿಲ್ಲದ ಹುಡುಗಿ.
ಮಡಿಲಲ್ಲಿ ಮಗು, ಮಗುವಿನ ಮೇಲೆ ನಮ್ಮ ಆಸ್ಪತ್ರೆಯ ಫೈಲು,
ಫೈಲಿನಲ್ಲಿ ನೀಲಿ ಶಾಯಿಯ ಒಂದು ಪಾದ.
ಎಷ್ಟು ಗೆರೆ! ಕೂದಲಿಗಿಂತ ತೆಳ್ಳಗೆ,
ಒಂದೂ ಅಳಿಸಿಲ್ಲ.
ಸಿಸೇರಿಯನ್, ಎಂದಳು. ಬುಧವಾರ, ಓಟಿ ಮೂರು.
ಬುಧವಾರ ನಾನಿದ್ದೆ.

ನನ್ನ ಕೊರಳ ಪಟ್ಟಿ ನೋಡಿ ಕೇಳಿದಳು:
ನೀವು ಅಲ್ಲಿ ಎಂಥ ಮಾಡುವುದು?
ಎಣಿಸುವುದು, ಅಂದೆ.

ಬಿಲ್ಲಿನವಳು ಅಂದುಕೊಂಡಳೋ ಏನೋ,
ಫೈಲು ಮುಚ್ಚಿ, ಮಗುವನ್ನು ಆಚೆ ತೋಳಿಗೆ ಬದಲಿಸಿ,
ತುಸು ದೂರ ಸರಿದು ಕೂತಳು.