ಹೆಸರು ಕಾಳು

ಯಾಕ ಬಂದ್ರಿ, ಅಂತ ಕೇಳದಾವರ ಇಲ್ಲ ನಮ್ಮ ಗದಗಿನ್ಯಾಗ.
ಸ್ಟೇಶನ್ ರೋಡಿನ ಚಾದಂಗಡಿಯಾಂವ ಕೇಳ್ದ,
ಬೆಟಗೇರಿಯ ಆಟೋದಾಂವ ಹಿಂದ ಹೊಳ್ಳಿ ಹೊಳ್ಳಿ ಕೇಳ್ದ,
ಫಾರ್ಮ್ ತುಂಬಿಸ್ಕೊಳ್ಳೋ ಪೊಲೀಸ
ಪೆನ್ನಿನ ಮುಚ್ಚಳ ಕಚಗೋತ ಕೇಳ್ದ.
ಆ ಖಾನೆ ಭಾಳ ಸಣ್ಣದಿತ್ತು.
ಕ್ಯಾರಲ್ ಅದರಾಗ "ಶಿಕ್ಷಕಿ" ಅಂತಷ್ಟ ಬರದ್ಲು.

ನಾನು ಗೂಳಪ್ಪ, ದಾಲ್ ಮಿಲ್ಲಿನ ಗುಮಾಸ್ತ.
ಇಪ್ಪತ್ತಾರು ವರ್ಷದಿಂದ ಮಂದಿ ಚೀಲ ಎಣಿಸಿದಾಂವ,
ಎಸ್ಸೆಸ್ಸೆಲ್ಸಿ ಇಂಗ್ಲಿಷಿನ್ಯಾಗ ಹದಿನೆಂಟು ಮಾರ್ಕು.
ಮಿಲ್ಲಿನ ಮಾಳಿಗಿ ಮ್ಯಾಲ ಸಂಜಿ ಏಳಕ್ಕ ಕ್ಲಾಸು.
ಮುಂದಿನ ಬೆಂಚಿಗೆ ನರ್ಸ್ ದಾವಲಬಿ,
ಕೆನಡಾಕ್ಕ ಹೋಗೋ ಪರೀಕ್ಷೆ ಮೂರು ಸಲ ಕಟ್ಟಿದಾಕಿ.
ಹಿಂದಿನ ಬೆಂಚಿಗೆ ನಾನು, ಹೊಟ್ಟಿನ ಧೂಳ ಝಾಡಿಸಿಕೋತ.
ಇಕಿ ಅಲ್ಲಿಗೆ ಹೋಗಾಕ ಕಲೀತಾಳ,
ಅಕಿ ಅಲ್ಲಿಂದ ಕಲಸಾಕ ಬಂದಾಳ,
ಇಬ್ಬರೂ ಅದ ಕಬ್ಬಿಣದ ಮೆಟ್ಟಲಾ ಏರ್ತಾರ,
ಎದರಾಬದರಾದ್ರ ಒಬ್ಬರು ಗ್ವಾಡಿಗೆ ಸರೀಬೇಕು.

ಒಂದಿನ ಅಂದ್ಲು, ಅಲ್ಲಿ ಥಂಡಿ ಭಾಳ.
ಇನ್ನೊಂದಿನ, ಕಾಲೇಜಿನ ಸಾಲ.
ದಾವಲಬಿ ಕಿವ್ಯಾಗ ಹೇಳಿದ್ದ ಬ್ಯಾರೆ:
ಒಬ್ಬಾಂವ ಇದ್ದ, ಈಗ ಇಲ್ಲ.
ಮೂರೂ ಖರೆ ಇರಬೇಕು.
ಮೂರೂ ಕಲ್ಲ ಇಟ್ಟು ನೋಡಿದೆ,
ತಕ್ಕಡಿ ಸಮ ಆಗಲಿಲ್ಲ.

ಅಕಿ ಕಲ್ತ ಮೊದಲನೇ ಕನ್ನಡ: ನಿಮ್ಮ ಹೆಸರೇನು?
ನಾನು ಕಿಸೆದಾಗಿಂದ ಒಂದು ಚಿಟಗಿ ಹಸರ ಕಾಳ
ಅಕಿ ಅಂಗೈಯಾಗ ಸುರುವಿ, ಇದೂ ಹೆಸರು, ಅಂದೆ.
ಭಾಳ ಹೊತ್ತ ನೋಡಿದ್ಲು.
ನೆನಿ ಹಾಕಿದ್ರ ಮೊಳಕಿ ಬರ್ತದ, ಅಂದೆ.
ಮರುದಿನ ತಂದ ತೋರಿಸಿದ್ಲು, ಒದ್ದಿ ಕರವಸ್ತ್ರದಾಗ,
ಬಾಲ ಬಂದ ನಾಕಾರು ಹೆಸರು.

ಶ್ರಾವಣದಾಗ ಮುಂಬೈ ಬಂದರದಿಂದ ಲಾರಿ ಬಂತು.
ಹಳದಿ ಬಟಾಣಿ, ನಾಕನೂರು ಚೀಲ,
ಚೀಲದ ಮ್ಯಾಲ ಅಕಿ ದೇಶದ ಮುದ್ರಿ.
(ಕಡ್ಲಿ ಹಿಟ್ಟಿನ ಗಿರಣಿಗೆ ಬಟಾಣಿ ಯಾಕ ಅಂತ
ನೀವು ಕೇಳಬ್ಯಾಡ್ರಿ, ನಾನು ಹೇಳೂದಿಲ್ಲ.)
ಕ್ಯಾರಲ್ ಮೆಟ್ಟಲಾ ಇಳ್ಯಾಕಿ ನಿಂತ್ಲು.
ಹರಿದ ಚೀಲದಾಗ ಮೊಣಕೈತನಕ ಕೈ ಇಟ್ಟು
ಏನೋ ಅಂದ್ಲು: ಹೊರೋಖ್.
ಅದು ಇಂಗ್ಲಿಷ್ ಅಲ್ಲ ಅನ್ನೂದು ನಂಗೂ ತಿಳೀತು.

ಅಜ್ಜಿ ಮಾತಂತ. ಉಕ್ರೇನಿನಿಂದ
ಹಡಗದಾಗ ಹೊಟ್ಟಿ ಹಿಡಕೊಂಡು ಬಂದ ಮಂದಿ.
ಸಾಲ್ಯಾಗ ಅಜ್ಜಿ ತನ್ನ ಮಾತ ಆಡಿದ್ರ
ಬೆರಳ ಗಿಣ್ಣಿನ ಮ್ಯಾಲ ಪಟ್ಟಿ ಏಟು.
ಇಂಗ್ಲಿಷು ಅವರ ಮನಿಗೆ ಕಿವಿಯಿಂದ ಬರಲಿಲ್ಲ,
ಗಿಣ್ಣಿನಿಂದ ಬಂತು.
ಮೊಮ್ಮಗಳ ಪಾಲಿಗೆ ಉಳದದ್ದು ಇದೊಂದ ಕಾಳು.

ಹೊಡೀದ ಕೊಟ್ರ ಹೆಂಗಿರ್ತದ ಈ ಭಾಷೆ,
ಅದನ್ನ ನೋಡಬೇಕಿತ್ತು, ಅಂದ್ಲು.
ಅಂದು, ತಾನ ನಕ್ಕು,
ಇಲ್ಲ ಗೂಳಪ್ಪ, ಇದೂ ಈಗ ಕಟ್ಟಿದ್ದ ಮಾತು,
ಖರೆ ಅಂದ್ರ ಟಿಕೀಟು ಸ್ವಸ್ತ ಇತ್ತು.
ಕೈ ಮಾತ್ರ ಚೀಲದಾಗಿಂದ ತಗೀಲಿಲ್ಲ.

ಆ ರಾತ್ರಿ ಆವಕದ ಖಾತೆ ಬರಿಯಾಕ ಕುಂತೆ.
ಎಲ್ಲಿಂದ, ಅಂತ ಒಂದು ಕಾಲಮ್ಮು.
ಎಷ್ಟು ಕ್ವಿಂಟಲ್, ಯಾರ ಪಾಲಿಗೆ, ಎಲ್ಲಾ ಅದಾವು.
ಇಪ್ಪತ್ತಾರು ವರ್ಷದಾಗ ಒಂದು ಕಾಳಿಗೂ
ಯಾಕ ಬಂದಿ, ಅಂತ ನಾ ಕೇಳಿಲ್ಲ.

ಮರುದಿನ ಮಳಿ ಜಿಟಿಜಿಟಿ.
ಮುಳಗುಂದ ನಾಕಾದ ಬಂಡಿ ಮುಂದ
ಕ್ಯಾರಲ್, ದಾವಲಬಿ, ನಾನು.
ಬಿಸಿ ಮಿರ್ಚಿ ಕಡದು, ಖಾರ ನೆತ್ತಿಗೇರಿ,
ಕಣ್ಣಾಗ ನೀರು, ಬಾಯಿ ತುಂಬ ಹಬೆ.
ಸರಿಯಾಗಿ ಆಗ ಕೇಳಬೇಕ ಬಂಡಿಯಾಂವ:
ಮೇಡಮ್ಮಾರ, ಅಷ್ಟ ದೂರದಿಂದ ಯಾಕ ಬಂದ್ರಿ?
ಮಾತ ಹೊಂಡಲಿಲ್ಲ.
ಕೈಯಾಗಿನ ಅರ್ಧ ಮಿರ್ಚಿ ಎತ್ತಿ ತೋರಿಸಿದ್ಲು.

ಈಗ ಊರಾಗೆಲ್ಲಾ ಅದ ಕಾರಣ ನಿಕ್ಕಿ.
ಬಂಡಿಯಾಂವ ಬೋರ್ಡೂ ಬರೆಸ್ಯಾನ.
ಹಿಟ್ಟಿನ್ಯಾಗ ಏನೈತಿ ಅಂತ
ನಾನಂತೂ ಹೇಳಿಲ್ಲ.