ಆರುನೂರ ಮೂವತ್ತೆಂಟು

ಹಸಿರು ಸುಲಭ.
ಕಣ್ಣಿಗೆ ಹಸಿರೆಂದರೆ ಮೊದಲಿಂದಲೂ ಪಕ್ಷಪಾತ,
ಚಿಟಿಕೆಯಷ್ಟು ಹಾಕಿದರೂ ಗೋಡೆ ತುಂಬ ಅದೇ.
ಐನೂರ ಮೂವತ್ತೆರಡು ಅಗ್ಗಕ್ಕೆ ಸಿಕ್ಕಿತ್ತು;
ಸಿತ್ರಾದ ಜುಲೈಗೆ ಬೆದರಿ
ಹತ್ತು ನಿಮಿಷ ಚುರುಕು, ಆಮೇಲೆ ಮಂಕು, ಮತ್ತೆ ಚುರುಕು,
ಹೊಸದಾಗಿ ಬಂದ ಹುಡುಗರ ಮೊದಲ ಬೇಸಗೆಯ ಹಾಗೆ.
ಬಿಚ್ಚಿಟ್ಟು ಐನೂರ ಇಪ್ಪತ್ತು ಹಾಕಿದೆ.
ಗುಲಗಂಜಿಯಷ್ಟು ನೀಲಿ ಬೆರೆತ ಹಸಿರು, ಸೆಕೆಗೆ ಬಗ್ಗುವುದಿಲ್ಲ.

ನೀಲಿಯದೂ ತಕರಾರಿಲ್ಲ. ನಾನೂರ ನಲವತ್ತೈದು.
ಕೆಟ್ಟ ಪ್ರೊಜೆಕ್ಟರೊಂದರ ಒಳಗಿಂದ ಕಿತ್ತದ್ದು,
ಗುಜರಿಯವನಿಗೆ ಎರಡು ದಿನಾರು.
ಬಲ ಜಾಸ್ತಿ, ಬೆಳಕು ಕಡಿಮೆ;
ಕಪ್ಪು ಚಿಂದಿಯೊಂದು ಹೊಗೆಯಾಡಿದ್ದು ಕಂಡಮೇಲೆ
ಕನ್ನಡಕ ಹಾಕದೆ ಯಾರೂ ಬರಕೂಡದೆಂದು
ಬಾಗಿಲಿಗೆ ಅಂಟಿಸಿದೆವು, ನಾಲ್ಕು ಭಾಷೆಯಲ್ಲಿ.
ಅರ್ನೆಲ್ ತನ್ನದರಲ್ಲಿ ಏನು ಬರೆದನೋ,
ಅವನ ಊರಿನವರು ಓದಿ ಓದಿ ನಗುತ್ತಾರೆ.

ಕಷ್ಟ ಕೆಂಪಿನದು.
ಆರುನೂರ ಐವತ್ತು ಅಗ್ಗ, ಆಳ,
ಎಷ್ಟು ಸುರಿದರೂ ಕಣ್ಣು ಅರ್ಧವನ್ನೇ ಲೆಕ್ಕಕ್ಕೆ ಹಿಡಿಯುತ್ತದೆ.
ಆರುನೂರ ಮೂವತ್ತೆಂಟು ಎರಡರಷ್ಟು ಹೊಳಪು, ಮೂರರಷ್ಟು ಬೆಲೆ,
ಬಿಸಿಯಾದರೆ ಸೊರಗುತ್ತದೆ.
ನಾನು ಎಸಿ ಮೆಕ್ಯಾನಿಕ್, ಊರಿಗೆಲ್ಲ ತಂಪು ಹಂಚುವವನು,
ಉಗುರಿನಷ್ಟಿಲ್ಲದ ಡಯೋಡಿಗೆ ಕೊಡಲಾರೆನೆ?
ಆದರೆ ಆ ತಿಂಗಳು ತಂಗಿಯ ಹಲ್ಲಿಗೆ ಕ್ಲಿಪ್ಪು.
ಐವತ್ತೇ ಸಾಕೆಂದುಕೊಂಡೆ.

ಶುಕ್ರವಾರ. ಶಮಾಲ್ ಗಾಳಿಯ ಧೂಳು ಕೋಣೆಯೊಳಗೂ.
ಉಳಿದವರಿಗೆ ಕೆಮ್ಮು, ನನಗೆ ಹಬ್ಬ:
ಧೂಳಿಲ್ಲದೆ ಕಿರಣ ಕಾಣುವುದಿಲ್ಲ, ಹೊಗೆಯಂತ್ರದ ದುಡ್ಡು ಉಳಿಯಿತು.
ಕಿಟಕಿಗೆ ಕಂಬಳಿ ಕಟ್ಟಿದೆವು. ವಿಮಾನ ನಿಲ್ದಾಣ ದೂರವಿಲ್ಲ,
ಒಂದು ಗೆರೆ ಹೊರಗೆ ಹಾರಿದರೆ ನಾಳೆ ನಾವೂ ವಿಮಾನದಲ್ಲೇ.
ಎರಡು ಪುಟ್ಟ ಕನ್ನಡಿ ಗುಂಯ್ಯೆಂದು ನಡುಗಿ
ಗೋಡೆಯ ಮೇಲೊಂದು ಬಂಗುಡೆ ಬರೆದವು.
ಬೆನ್ನು ಹಸಿರು, ಪಟ್ಟೆ ನೀಲಿ, ಹೊಟ್ಟೆ ಕೆಂಪು.
(ಬಂಗುಡೆಯ ಹೊಟ್ಟೆ ಕೆಂಪಲ್ಲ, ಗೊತ್ತು. ಇದ್ದದ್ದು ಮೂರೇ.)

"ಲಾದ್ರೂ," ಎಂದ ಹಸೈನಾರ್, "ಮೀನಿಗೆ ಹೊಟ್ಟೆ ಯಾಕಿಲ್ಲ?"

ನಕ್ಕೆವು. ಅವನು ನಗಲಿಲ್ಲ.
ಎದ್ದು ಹೋಗಿ ಬೆನ್ನಿನ ಕೆಳಗೆ ಕೈಯಿಟ್ಟ;
ಅಂಗೈ ಮೇಲೆ ಕೆಂಪು ಓಡುತ್ತಿತ್ತು,
ಅವನು ಖಾಲಿ ಕೈ ನೋಡುವ ಹಾಗೆ ನೋಡುತ್ತಿದ್ದ.

ಹನ್ನೊಂದು ವರ್ಷದಿಂದ ಕಾರುಗಳಿಗೆ ಪೈಂಟು ಹೊಡೆಯುತ್ತಾನೆ.
ಡಬ್ಬದ ನಂಬರು ಓದಿ ಬೆರೆಸಿದರೆ ಒಂದು ತೊಟ್ಟೂ ತಪ್ಪಿಲ್ಲ;
ಮುದೀರ್ ಬೇರೆಯವರನ್ನು ಬಯ್ಯುವುದೇ ಇವನನ್ನು ತೋರಿಸಿ.
"ಬಣ್ಣ ಅಂದರೆ ನಂಬರು ಮಾರಾಯ, ಕಣ್ಣಿಗೆಂಥ ಕೆಲಸ ಅದರಲ್ಲಿ?"
ಅನ್ನುತ್ತಿದ್ದದ್ದು ನಮಗೆ ತಮಾಷೆ.
ಆ ರಾತ್ರಿ, ಮೇಲಿನ ಮಂಚದಿಂದ, ಮೆಲ್ಲಗೆ:
"ಗ್ಯಾರೇಜಲ್ಲಿ ಹೇಳಬೇಡ."

ಮರುವಾರ ಮೂವತ್ತೆಂಟಕ್ಕೆ ದುಡ್ಡು ಕಟ್ಟಿದೆ.
ತಂಗಿಯ ಹಲ್ಲು ಇನ್ನೊಂದು ತಿಂಗಳು ವಕ್ರವಾಗಿಯೇ ಇರಲಿ.
ಪೊಟ್ಟಣ ಕಸ್ಟಮ್ಸಿನಲ್ಲಿ ಹತ್ತೊಂಬತ್ತು ದಿನ ಕೂತಿತು.
ತಾಮ್ರದ ಗಟ್ಟಿಗೆ ಕಚ್ಚಿಸಿ, ಹಿಂದೆ ತಂಪಿನ ಬಿಲ್ಲೆಯಿಟ್ಟು,
ಹಸಿರನ್ನು ಕಾಲಿಗಿಳಿಸಿ ನೀಲಿಯನ್ನು ಅರ್ಧ ಮಾಡಿ
ಕೆಂಪಿಗೆ ಪೂರ್ತಿ ದಾರಿ ಬಿಟ್ಟೆ.
ನಮ್ಮ ಕಣ್ಣು ಚುಚ್ಚಿತು ಮೀನು, ಸೆಲ್ಲತುರೈ ಬೈದ.
ಹಸೈನಾರ್ ತಲೆ ಓರೆ ಮಾಡಿ ಬಹಳ ಹೊತ್ತು ನಿಂತ.
"ಏನೋ ಉಂಟು. ಚಾಯದ ಗ್ಲಾಸು ತೊಳೆಯದೆ ಬಿಟ್ಟರೆ
ಅಡಿಯಲ್ಲಿ ಕೂರುತ್ತದಲ್ಲ, ಆ ಥರ.
ಅದೇ ಇರಬೇಕು ಹೊಟ್ಟೆ."

ಮೂರನ್ನೂ ಒಂದೇ ಚುಕ್ಕೆಗೆ ತಂದು ಬಿಳಿ ಮಾಡಿದೆ.
ಆಮೇಲೆ ಹೇಳದೆ ಕೆಂಪು ಆರಿಸಿದೆ.
ನನ್ನ ಗೋಡೆ ಕಡಲಾಯಿತು.
"ಈಗ?"
"ಈಗಲೂ ಬಿಳಿಯೇ ಅಲ್ಲವ?"

ನಾನು ಉತ್ತರ ಹುಡುಕುವುದರೊಳಗೆ
ಜೇಬಿಂದ ಮಾರ್ಕರ್ ತೆಗೆದ, ನಂಬರು ಕೇಳಿದ,
ಪೆಟ್ಟಿಗೆಯ ಬದಿಗೆ, ಪೈಂಟು ಡಬ್ಬಕ್ಕೆ ಬರೆಯುವ ಅದೇ ದುಂಡು ಅಕ್ಷರದಲ್ಲಿ ಬರೆದ:
ಹೊಟ್ಟೆ, ಆರುನೂರ ಮೂವತ್ತೆಂಟು.