ಬಿಸಿಗಾಳಿಯ ಬಾಗಿಲು

ಕೀಲಿ ತಿರುವಿದರೆ ಸಾಕು,
ಡ್ಯಾಶ್‌ಬೋರ್ಡಿನ ಹಿಂದೆ, ಎಡಕ್ಕೆ,
ಅತ್ತೆಯ ಮೊಣಕಾಲಿನ ನೇರಕ್ಕೆ
ಟಿಕ್ ಟಿಕ್ ಟಿಕ್ ಟಿಕ್.
ಹತ್ತು ಹನ್ನೆರಡು ಸಲ, ಆಮೇಲೆ ಮೌನ.
ಮತ್ತೆ ಯಾವ ತಿರುವಿನಲ್ಲೋ, ಅದರ ಮರ್ಜಿ.

ಮಂಗಳವಾರ ಮಂಗಳವಾರ ಹುದಿಕೇರಿಯಿಂದ ಗೋಣಿಕೊಪ್ಪಕ್ಕೆ
ಅತ್ತೆಯ ಮಂಡಿಗೆ ಎಣ್ಣೆ ಹಚ್ಚಿಸಲು ಹೋಗುವುದು.
ಮೊದಲ ದಿನ, ಪೊನ್ನಂಪೇಟೆ ದಾಟುವಾಗ, ಅಂದರು:
"ಈ ಹಳೇ ಕಾರಿಗೆ ನೀನು ಹೆಚ್ಚೇ ಕೊಟ್ಟೆ."
ಟಿಕ್.
"ನೋಡು, ಹಲ್ಲಿ ನುಡೀತು."
ಸೀಟಿನ ಅಂಚಿಗೆ ಬೆರಳ ಗೆಣ್ಣು ಕುಟ್ಟಿ
"ಕೃಷ್ಣ ಕೃಷ್ಣ."

ಅಲ್ಲಿಂದ ಶುರು.
ಮತ್ತಿ ಮೀನಿಗೆ ಈ ರೇಟಾ? ಟಿಕ್.
ನಿನ್ನ ಅಂಗಡಿ ಬಾಡಿಗೆ ದಂಡ. ಟಿಕ್ ಟಿಕ್.
ಕುಪ್ಯ ಹೊಲಿಯಲು ಊರಲ್ಲಿ ಗಂಡಸರಿಲ್ಲವಾ?
ಟಿಕ್ ಟಿಕ್ ಟಿಕ್ ಟಿಕ್, ತಡೆಯೇ ಇಲ್ಲ.
ಹನ್ನೊಂದು ವರ್ಷದಿಂದ ಎದುರು ಮಾತಾಡದವಳು ನಾನು,
ಈಗ ಪ್ಲಾಸ್ಟಿಕ್ಕಿನ ಒಳಗೂ ಅವರದೇ ಪಕ್ಷ.

ಬಂಕಿನ ಹುಡುಗ ಇಲಿ ಅಂದ.
ಬೋನಿಟ್ಟೆ, ಒಣಮೀನು ಕಟ್ಟಿದೆ.
ಇಲಿ ಬರಲಿಲ್ಲ. ವಾಸನೆ ಬಂತು.
ತಿತಿಮತಿಯ ಮದುಮಗನ ಕರೀ ಕುಪ್ಯ
ಆ ವಾಸನೆ ಹೊತ್ತೇ ಮಂಟಪಕ್ಕೆ ಹೋಯಿತು.
ಪಕ್ಕದ ಮನೆಯ ಚೀಯಣ್ಣ, ಮಿಲಿಟರಿಯಲ್ಲಿ ವೈರ್‌ಲೆಸ್ ನೋಡಿಕೊಂಡಿದ್ದವರು,
"ರಿಲೇ, ಅನುಮಾನವೇ ಬೇಡ" ಎಂದು
ಫ್ಯೂಸು ಒಂದೊಂದೇ ಕಿತ್ತರು.
ಹಾರ್ನು ಸತ್ತಿತು, ಗಡಿಯಾರ ಸೊನ್ನೆಗೆ ಹೋಯಿತು.
ಹಲ್ಲಿ ಬದುಕಿತ್ತು.

ಕೊನೆಗೊಂದು ರಾತ್ರಿ, ಎಲ್ಲರೂ ಮಲಗಿದ ಮೇಲೆ,
ಶೆಡ್ಡಿನಲ್ಲಿ ಒಬ್ಬಳೇ ಕೂತೆ.
ಇಂಜಿನ್ ಆಫ್, ಕೀಲಿ ಆನ್.
ಹೊಲಿಗೆ ಮಿಷನ್ನಿನ ಸದ್ದಿನಲ್ಲೇ ಇಪ್ಪತ್ತು ವರ್ಷ ಅನ್ನ ತಿಂದವಳು:
ಸೂಜಿ ಮೊಂಡಾದರೆ ಒಂದು ಸದ್ದು,
ಬೆಲ್ಟು ಸಡಿಲಾದರೆ ಇನ್ನೊಂದು,
ಬಾಬಿನ್ನಿಗೆ ದಾರ ಸಿಕ್ಕಿಕೊಂಡರೆ ಕೆಮ್ಮಿದ ಹಾಗೆ.
ಇದು ಅವ್ಯಾವುದೂ ಅಲ್ಲ.
ಇದು ಮುಂದೆ ಹೋಗಲು ನೋಡಿ, ಜಾರಿ,
ಬಿಟ್ಟ ಜಾಗಕ್ಕೇ ಬಂದು ಬೀಳುವ ಸದ್ದು.
ಗುಂಡಿ ತಿರುವಿದೆ. ತಣ್ಣಗೆ: ಇಲ್ಲ.
ಬಿಸಿ: ಟಿಕ್.
ಮತ್ತೆ ತಣ್ಣಗೆ. ಮತ್ತೆ ಬಿಸಿ.
ಮಂಜು ಬಿದ್ದ ಬೆಳಗುಗಳಲ್ಲೇ ಯಾಕೆ ಎಂಬುದು
ಆಗ ಹೊಳೆಯಿತು.

ಹಂಝಾಕ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ.
ತಲೆ ಪೆಡಲಿನ ಹತ್ತಿರ, ಚಪ್ಪಲಿ ಕಾಲು ಬಾಗಿಲಾಚೆ,
ಮಾರುದ್ದ ಸ್ಕ್ರೂಡ್ರೈವರಿನ ತುದಿ ಒಳಗಿಟ್ಟು
ಹಿಡಿಯನ್ನು ಕಿವಿಯ ಹಿಂದೆ ಒತ್ತಿಕೊಂಡರು.
ಆನೆ ಓಡಿಸಲು ಹೋಗಿ ಕೈಯಲ್ಲೇ ಸಿಡಿದ ಪಟಾಕಿಗೆ
ಎಡಗಿವಿ ಎಂದೋ ಹೋಗಿದೆ.
"ಕಿವಿ ಸುಳ್ಳು ಹೇಳ್ತದೆ ಅಕ್ಕಾ, ಎಲುಬು ಹೇಳೂದಿಲ್ಲ."

ಬೆಂಕಿಪೊಟ್ಟಣದಷ್ಟು ಮೋಟಾರು. ಅದರೊಳಗೆ
ಬೆಳ್ಳಗೆ, ಕುಪ್ಯದ ಗುಂಡಿಯಷ್ಟಗಲದ ಚಕ್ರ.
ಎರಡು ಹಲ್ಲಿಲ್ಲ.
"ಹಲ್ಲಿ ಅಲ್ಲ, ಹಲ್ಲು" ಎಂದು ನಕ್ಕರು.
"ಬಿಸಿಗಾಳಿಯ ಬಾಗಿಲು ತೆಗೆಯೂ ಮೋಟಾರು.
ತೆಗೀಬೇಕು ಅಂತ ಹೋಗ್ತದೆ, ಜಾರ್ತದೆ.
ತೆಗ್ದಾಯ್ತು ಅಂತ ಅದಕ್ಕೆ ಗೊತ್ತಾಗೂದೇ ಇಲ್ಲ,
ಪಾಪ, ಮತ್ತೆ ಹೋಗ್ತದೆ."

ಮೈಸೂರಿನಿಂದ ಬಸ್ಸಿನಲ್ಲಿ ಹೊಸತು ಬರಲು ನಾಲ್ಕು ದಿನ.
ಬಿಲ್ಲು ಹೇಳುವುದಿಲ್ಲ, ಅತ್ತೆ ಓದಿಯಾರು.

ಮುಂದಿನ ಮಂಗಳವಾರ. ಕೈ ಕಾಣದ ಮಂಜು.
ಅತ್ತೆಯ ಮಂಡಿಗೆ ಬಿಸಿಗಾಳಿ, ನೀರವವಾಗಿ.
ಎರಡು ಊರು ಕಳೆದರೂ ಮಾತಿಲ್ಲ.
ಗಾಜು ಒರೆಸಿದರು, ಸೆರಗು ಸರಿಮಾಡಿಕೊಂಡರು.
ಆಮೇಲೆ, ರಸ್ತೆಗೆ ಹೇಳಿದ ಹಾಗೆ:
"ಆ ಬೆಂಡೋಲೆ ನಿನ್ನ ಕೈಯಿಂದ ಕಳೆದದ್ದಲ್ಲ.
ಅಕ್ಕಿ ಡಬ್ಬದೊಳಗೆ ನಾನೇ ಇಟ್ಟಿದ್ದೆ. ಸಿಕ್ಕಿ ಆರು ವರ್ಷ ಆಯ್ತು."

ಕಾದರು.
ಡ್ಯಾಶ್‌ಬೋರ್ಡು ಸುಮ್ಮನಿತ್ತು.
ಕತ್ತು ತುಸು ಎಡಕ್ಕೆ ವಾಲಿಸಿ ಇನ್ನೂ ಕಾದರು.

ನಾನು ಬೆರಳುಗುರಿನಿಂದ ಸ್ಟೇರಿಂಗಿಗೆ
ಒಂದೇ ಸಲ.
ಟಿಕ್.

"ಕೃಷ್ಣ ಕೃಷ್ಣ" ಅಂದರು,
ಗೆಣ್ಣು ಕುಟ್ಟಲು ಮರೆತು.
ಮುಂದೆ ಏರು. ಗೇರು ಇಳಿಸಿದೆ.